ಒಂದು ಕಡಿಮೆ

ಶಾಲಾ ಇನ್‌ಸ್ಪೆಕ್ಟರ್ ಕೊಟ್ರಬಸಪ್ಪನಿಗೆ ಕೋಟಿನ ಎಡಗಿಸೆಯೊಳಗೆ ಕೈಯಿಟ್ಟು, ಯಾರಿಗೂ ಕಾಣದ ಹಾಗೆ ಬೆರಳು ಮಡಿಸಿ ಎಣಿಸುವ ಚಟವಿತ್ತು. ಬಳ್ಳಾರಿಯ ಮಾರ್ಚ್ ತಿಂಗಳ ಬಿಸಿಲಿನಲ್ಲಿ ಕೋಟು ಹಾಕುವವರು ಇಬ್ಬರೇ, ಒಬ್ಬ ಹಸೆಯ ಮೇಲೆ ಕೂತ ಮದುಮಗ, ಇನ್ನೊಬ್ಬ ಕೊಟ್ರಬಸಪ್ಪ ಎಂದು ಕಚೇರಿಯಲ್ಲಿ ನಗುತ್ತಿದ್ದರು. ಹುದ್ದೆಯ ಗೌರವಕ್ಕೆ ಹಾಕುತ್ತಾನೆ ಎಂದು ಅವರ ತಿಳುವಳಿಕೆ. ನಿಜವಾಗಿ ಅವನಿಗೆ ಬೇಕಾಗಿದ್ದದ್ದು ಆ ಕಿಸೆ. ನಲವತ್ತೆಂಟು ವರ್ಷದ, ಬಿ.ಎ., ಬಿ.ಟಿ. ಪಾಸಾದ, ನೂರಾರು ಮೇಷ್ಟ್ರುಗಳನ್ನು ನಿಂತ ಕಾಲ ಮೇಲೆ ನಡುಗಿಸಬಲ್ಲ ಮನುಷ್ಯನಿಗೆ ಒಂಬತ್ತಕ್ಕೆ ಏಳು ಕೂಡಿಸಲು ಬೆರಳು ಬೇಕು ಎಂಬುದು ಹೊರಗೆ ಬಿದ್ದರೆ ಗತಿಯೇನು? ಕಚೇರಿಯಲ್ಲಿ ಒಟ್ಟು ಹಾಕುವ ಕೆಲಸವನ್ನೆಲ್ಲ ಗುಮಾಸ್ತ ರಂಗಣ್ಣನಿಗೆ ಒಪ್ಪಿಸಿ, ಇಂಥ ಸಣ್ಣ ಕೆಲಸ ತನ್ನಂಥವನು ಮಾಡುವುದಲ್ಲ ಎನ್ನುವ ಹಾಗೆ ಕಿಟಕಿಯ ಕಡೆ ನೋಡುತ್ತ ಕೂರುತ್ತಿದ್ದ. ಸತ್ಯನಾರಾಯಣಪೇಟೆಯ ಮನೆಯಲ್ಲಿ ಹೆಂಡತಿ ವಿರೂಪಮ್ಮ ವರ್ಷಕ್ಕೆ ಮೂರು ಸಲ ಆ ಕಿಸೆಯ ಅಸ್ತರಿಗೆ ಹೊಲಿಗೆ ಹಾಕುತ್ತಿದ್ದಳು. "ಅದೇನು ಹೆಗ್ಗಣ ಸಾಕೀರೇನ್ರಿ ಇದರಾಗ?" ಎಂದು ಕೇಳಿ, ಉತ್ತರ ಬರುವುದಿಲ್ಲವೆಂದು ಗೊತ್ತಿದ್ದರಿಂದ ದಾರ ಕಚ್ಚಿ ಹರಿಯುತ್ತಿದ್ದಳು. ಈ ಸಲ ಹೊಲಿಯುವುದಕ್ಕೆ ಮರೆತಿದ್ದಳು. ಸಿರುಗುಪ್ಪದ ಬಸ್ಸಿನಲ್ಲಿ ಕೂತು ತನ್ನ ಪಾಲಿನ ಆರೂ ಶಾಲೆಗಳ ಹೆಸರು ಎಣಿಸುತ್ತಿರುವಾಗ ಕಿರುಬೆರಳು ಅಸ್ತರಿನ ತೂತಿನಲ್ಲಿ ಇಳಿದು ಸಿಕ್ಕಿಕೊಂಡಿತು. ಪಕ್ಕದಲ್ಲಿದ್ದ ಮುದುಕಿ ಅವನ ಒದ್ದಾಟವನ್ನು ಸಂಶಯದಿಂದ ನೋಡಿ, ತನ್ನ ಗಂಟನ್ನು ಆ ಕಡೆಯ ತೊಡೆಯ ಮೇಲೆ ಇಟ್ಟುಕೊಂಡಳು.

ಅಂದಿನದು ಆರನೆಯ ಶಾಲೆ, ಕೊನೆಯದು. ಓದಿನಲ್ಲಿ ಹಿಂದುಳಿದ ಮಕ್ಕಳ ಪ್ರಗತಿಯನ್ನು ಅಳೆಯುವ ಯೋಜನೆಯೊಂದು ಆ ವರ್ಷ, ಎಂದರೆ ಎಪ್ಪತ್ಮೂರರ ಜುಲೈಯಲ್ಲಿ, ಮೇಲಿನಿಂದ ಇಳಿದು ಬಂದಿತ್ತು. ಶಾಲೆಗೆ ಹತ್ತು ಮಕ್ಕಳಂತೆ ಆರಿಸಬೇಕು, ಜುಲೈಯಲ್ಲಿ ಹತ್ತು ಲೆಕ್ಕಗಳ ಒಂದು ಪರೀಕ್ಷೆ ಕೊಡಬೇಕು, ದಿನವೂ ಸಂಜೆ ಒಂದು ತಾಸು ಅವರಿಗೇ ಬೇರೆ ಪಾಠ ಹೇಳಬೇಕು, ಮಾರ್ಚಿನಲ್ಲಿ ಮತ್ತೆ ಅದೇ ಪರೀಕ್ಷೆ ಕೊಟ್ಟು ಎಷ್ಟು ಮುಂದೆ ಬಂದರೆಂದು ಬರೆಯಬೇಕು. ಪಟ್ಟಿಯಲ್ಲಿದ್ದ ಮಗು ಸ್ವಲ್ಪವಾದರೂ ಮುಂದೆ ಬಂದಿದ್ದರೆ ವಾರ್ಷಿಕ ಪರೀಕ್ಷೆ ಹೇಗೇ ಆಗಲಿ, ಮೇಲಿನ ತರಗತಿಗೆ ಹಾಕಬೇಕು. ಯೋಜನೆ ಒಳ್ಳೆಯದೇ. ಆದರೆ ಹೊಸದಾಗಿ ಬಂದ ಅಧಿಕಾರಿಗಳು, ಯಾವ ಇನ್‌ಸ್ಪೆಕ್ಟರನ ಶಾಲೆಗಳಲ್ಲಿ ಪ್ರಗತಿ ಹೆಚ್ಚು ಕಾಣುತ್ತದೋ ಅವನ ಬಡ್ತಿಗೆ ತಾವು ಶಿಫಾರಸು ಮಾಡುವುದಾಗಿ ಸಭೆಯಲ್ಲಿ ಹೇಳಿಬಿಟ್ಟಿದ್ದರು. ಎರಡು ಸಲ ಬಡ್ತಿ ತಪ್ಪಿದ ಕೊಟ್ರಬಸಪ್ಪನ ಮೇಲೆ ಮೇಲಿನವರು ಬರೆದ ಗುಪ್ತ ವರದಿಯನ್ನು ರಂಗಣ್ಣ ಹೋದ ವರ್ಷ ಕದ್ದು ತೋರಿಸಿದ್ದ. ಒಂದು ಹಾಳೆ. ಅದರಲ್ಲಿ 'ಪ್ರಗತಿ' ಎಂದು ಅಚ್ಚಾದ ಸಾಲಿನ ಮುಂದೆ 'ಸಾಧಾರಣ' ಎಂದು ಕೈಬರಹ. ಎರಡು ದಿನ ಅನ್ನ ಸೇರಿರಲಿಲ್ಲ. ತಪ್ಪು ಮಾಡಿದ್ದಾನೆ ಎಂದು ಬರೆದಿದ್ದರೆ ಜಗಳವಾಡಬಹುದಿತ್ತು. ಸಾಧಾರಣ ಎಂದವರೊಡನೆ ಏನೆಂದು ಜಗಳವಾಡುವುದು? ಜುಲೈಯಲ್ಲಿ ಆರೂ ಶಾಲೆಗಳಿಗೆ ಹೋಗಿ, ಮುಖ್ಯೋಪಾಧ್ಯಾಯರ ಹೆಗಲ ಮೇಲೆ ಕೈಯಿಟ್ಟು, "ಹೆಸರು ನೋಡಿ ಹಾಕ್ರಿ. ಮಾರ್ಚಿನಾಗ ಪ್ರಗತಿ ಕಾಣಬೇಕು" ಎಂದು ಹೇಳಿ, ಪಟ್ಟಿಗಳ ಕೆಳಗೆ 'ಪರಿಶೀಲಿಸಿದ್ದೇನೆ' ಎಂದು ರುಜು ಹಾಕಿ ಬಂದಿದ್ದ. ಏನನ್ನು ಪರಿಶೀಲಿಸಿದೆಯೆಂದು ಕೇಳಿದ್ದರೆ ಬಸ್ಸಿನ ವೇಳೆಯನ್ನು ಎನ್ನಬೇಕಾಗುತ್ತಿತ್ತು.

ಕರೂರಿನಲ್ಲಿ ಇಳಿದು, ಕಾಲುವೆಯ ಏರಿಯ ಮೇಲೆ ಮೂರು ಮೈಲಿ ಎತ್ತಿನ ಗಾಡಿಯಲ್ಲಿ ಹೋದರೆ ಆ ಊರು. ನಾಲ್ಕನೆಯ ತರಗತಿಯವರೆಗೆ ಮಾತ್ರ ಅಲ್ಲಿ ಶಾಲೆ. ಐದಕ್ಕೆ ಕರೂರಿಗೇ ನಡೆದು ಬರಬೇಕು. ಎರಡನೆಯ ಬೆಳೆಯ ಭತ್ತ ಎರಡೂ ಕಡೆ ಹಸಿರಾಗಿ ನಿಂತಿತ್ತು. ಗಾಡಿ ಓಲಾಡುತ್ತಿದ್ದಂತೆ ಅವನು ಹೋದ ತಿಂಗಳು ಬಳ್ಳಾರಿಯಲ್ಲಿ ಶಿಕ್ಷಕರ ತರಬೇತಿಯಲ್ಲಿ ಮಾಡಿದ ಭಾಷಣವನ್ನು ಮನಸ್ಸಿನಲ್ಲೇ ಚಪ್ಪರಿಸಿದ. ಬುದ್ಧಿಯೆಂಬುದು ಹುಟ್ಟಿನಿಂದ ಬರಬೇಕು ಎಂಬುದಕ್ಕೆ ಅವನು ಯಾವಾಗಲೂ ಕೊಡುತ್ತಿದ್ದ ಉದಾಹರಣೆ ಸ್ವಂತ ಅಕ್ಕನದು. "ಒಂದೇ ಮನೆ, ಒಂದೇ ಅಡಿಗೆ, ಸಿರುಗುಪ್ಪದ ಒಂದೇ ಶಾಲೆ, ಒಂದೇ ಬೆತ್ತ. ನಮ್ಮಕ್ಕ ನಾಲ್ಕನೆಯ ಇಯತ್ತೆಯಲ್ಲಿ ಎರಡು ಸಲ ಕೂತರೂ ಮಗ್ಗಿ ಹತ್ತಲಿಲ್ಲ. ಎರಡು ವರ್ಷ ಸಣ್ಣವನಾದ ನನಗೆ ಹತ್ತಿತು." ಜನ ನಕ್ಕಿದ್ದರು, ಚಪ್ಪಾಳೆ ತಟ್ಟಿದ್ದರು. ಆ ಅಕ್ಕ, ಅಕ್ಕನಾಗಮ್ಮ, ಈಗ ಕುರುಗೋಡಿನಲ್ಲಿದ್ದಾಳೆ. ಕುರುಗೋಡಿನ ಮೇಲಿಂದ ಸುತ್ತಿ ಹೋಗುವ ಬಸ್ಸನ್ನು ಅವನು ಸಾಧ್ಯವಾದ ಮಟ್ಟಿಗೆ ಹತ್ತುತ್ತಿರಲಿಲ್ಲ. ಹತ್ತಿದರೆ ಇಳಿಯಬೇಕು, ಇಳಿದರೆ ಅಕ್ಕ "ಬಾರಪ್ಪ ಶಾಣ್ಯಾ" ಎಂದು ಜಾಣ ತಮ್ಮನನ್ನು ಕರೆದು ಎದ್ದು ನಿಲ್ಲುತ್ತಾಳೆ. ತನಗಿಂತ ದೊಡ್ಡವಳು ತನಗಾಗಿ ಎದ್ದು ನಿಲ್ಲುವುದನ್ನು ನೋಡಲು ಯಾಕೋ ಅವನಿಗೆ ಆಗುತ್ತಿರಲಿಲ್ಲ.

ಮುಖ್ಯೋಪಾಧ್ಯಾಯ ಉಜ್ಜಿನಪ್ಪ ತಿನ್ನಲು ಮಂಡಾಳೊಗ್ಗರಣೆ, ಮಿರ್ಚಿ ತರಿಸಿಟ್ಟು, ನೀರಿನ ತಂಬಿಗೆಗೆ ಮುಚ್ಚಳ ಹಾಕಿ, ಹತ್ತೂ ಉತ್ತರ ಪತ್ರಿಕೆಗಳನ್ನು ಮೇಜಿನ ಮೇಲೆ ಜೋಡಿಸಿದ್ದ. ಬೆಳಿಗ್ಗೆಯೇ ಪರೀಕ್ಷೆ ಮುಗಿಸಿದ್ದ. ಉತ್ತರಗಳ ಅಚ್ಚು ಹಾಳೆಯನ್ನು ಎಡಗಡೆ ಇಟ್ಟುಕೊಂಡು ಕೊಟ್ರಬಸಪ್ಪ ಒಂದೊಂದನ್ನೇ ತಾಳೆ ನೋಡಿದ. ಹತ್ತಕ್ಕೆ ಹತ್ತು. ಹತ್ತಕ್ಕೆ ಹತ್ತು. ಒಂಬತ್ತು. ಹತ್ತು. ಜುಲೈಯಲ್ಲಿ ಇವರೆಲ್ಲರದೂ ಸೊನ್ನೆ. ಮಿರ್ಚಿಯ ಖಾರಕ್ಕೋ ಸಂತೋಷಕ್ಕೋ ಕಣ್ಣಲ್ಲಿ ನೀರಾಡಿತು. ಇಷ್ಟು ಪ್ರಗತಿಯನ್ನು ಉಳಿದ ಐದು ಶಾಲೆಗಳಲ್ಲೂ ಕಂಡಿದ್ದ. ಒಂದೆರಡು ಕಡೆ ಮಕ್ಕಳ ಮುಖದಲ್ಲಿದ್ದ ಚುರುಕನ್ನು ಕಂಡು ಏನೋ ಅನ್ನಿಸಿತ್ತು, ಅನ್ನಿಸಿದ್ದನ್ನು ಮಜ್ಜಿಗೆಯೊಂದಿಗೆ ಕುಡಿದುಬಿಟ್ಟಿದ್ದ. ಒಂಬತ್ತು ಪತ್ರಿಕೆ ಮುಗಿದು ಹತ್ತನೆಯದಕ್ಕೆ ಕೈ ಹಾಕಿದ. ಏಳು ಎಂಟಲೆ, ಐವತ್ತೈದು. ತಪ್ಪು. ಇಪ್ಪತ್ತೇಳಕ್ಕೆ ಹದಿನೈದು ಕೂಡಿಸಿದರೆ ನಲವತ್ತೊಂದು. ತಪ್ಪು. ಅರವತ್ತರಲ್ಲಿ ಇಪ್ಪತ್ತನಾಲ್ಕು ಕಳೆದರೆ ಮೂವತ್ತೈದು. ಅದೂ ತಪ್ಪು. ಹತ್ತೂ ತಪ್ಪು. ಆದರೆ ಅವನ ಪೆನ್ನು ಮೊದಲನೆಯ ಲೆಕ್ಕದ ಮೇಲೇ ನಿಂತಿತ್ತು. ಐವತ್ತೈದು ಎಂಬ ಆ ಸಂಖ್ಯೆಯನ್ನು ಎಲ್ಲಿಯೋ ನೋಡಿದ್ದ, ಅಲ್ಲ, ಕೇಳಿದ್ದ, ತನ್ನ ಕಿವಿಗೆ ತೀರ ಹತ್ತಿರದಲ್ಲಿ, ಅದರ ಹಿಂದೆಯೇ ಬೆತ್ತದ ಸಪ್ಪಳ. ಅಷ್ಟರಲ್ಲಿ ಉಜ್ಜಿನಪ್ಪ ಬಗ್ಗಿ ನೋಡಿ ಹೌಹಾರಿದ.

"ಅಯ್ಯಯ್ಯ, ಇದು ಗಾದೆಮ್ಮಂದು ಸಾರ್. ಈಕಿ ಯಾಕ ಹಿಂಗ ಮಾಡಿದ್ಲು? ಸಾಲಿಗೇ ಶಾಣ್ಯಾಕಿ ಆಕಿ."

"ಶಾಣ್ಯಾಕಿ ಅಂದ್ರ?" ಕೊಟ್ರಬಸಪ್ಪ ತಲೆಯೆತ್ತಿದ. "ಹಂಗಾದ್ರ ಹಿಂದುಳಿದೋರ ಪಟ್ಟಿಯಾಗ ಯಾಕ ಅದಾಳ?"

"ನೀವs ಹೇಳಿದ್ರಲ್ರಿ ಸಾರ್. ಹೆಸರು ನೋಡಿ ಹಾಕ್ರಿ ಅಂತ. ನೋಡಿ ಹಾಕೀನಿ. ಹತ್ತೂ ಶಾಣ್ಯಾ ಹುಡುಗ್ರು. ಜುಲೈದಾಗ ಎಲ್ಲಾ ತಪ್ಪು ಬರೀರಿ ಅಂದಿದ್ದೆ, ಈಗ ಸರಿ ಬರೀರಿ ಅಂದೆ. ಪ್ರಗತಿ ಕಾಣಬೇಕಲ್ರಿ ಮತ್ತ?"

ಅದು ಮೋಸ ಮಾಡಿದವನ ಮುಖವಾಗಿರಲಿಲ್ಲ. ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡಿ ಶಭಾಶ್‌ಗಿರಿಗೆ ಕಾದು ನಿಂತವನ ಮುಖ. ಬಯ್ಯಬೇಕೆಂದು ತೆರೆದ ಬಾಯಿಗೆ ಕೊಟ್ರಬಸಪ್ಪ ಒಂದು ಮಿರ್ಚಿ ಹಾಕಿಕೊಂಡ. ತಾನು ಹೇಳಿದ್ದು ಇದನ್ನೇ ಅಲ್ಲವೆ? ಇಷ್ಟು ಬಿಡಿಸಿ ಹೇಳಿರಲಿಲ್ಲ, ಅಷ್ಟೆ. ಉಳಿದ ಐದು ಶಾಲೆಗಳವರೂ ಹೀಗೇ ತಿಳಿದಿರಬೇಕು; ಅವರಿಗೂ ಇವನಿಗೂ ವ್ಯತ್ಯಾಸವೆಂದರೆ ಇವನು ಮುಚ್ಚಿಡಲಿಲ್ಲ.

"ಖರೇನ ಹಿಂದ ಬಿದ್ದ ಹುಡುಗ್ರಿಗೆ ಸಂಜೀ ತಾಸು ಏನು ಮಾಡ್ತೀರಿ?"

"ಅವರ್ನ ನಾಕಕ್ಕs ಮನಿಗೆ ಬಿಡ್ತೀನ್ರಿ. ಗದ್ದಲ ಆಗಬಾರದಲ್ಲ."

ಗಾದೆಮ್ಮನನ್ನು ಕರೆಸಿದರು. ಕರೆದದ್ದು ಒಬ್ಬಳನ್ನು, ಬಂದದ್ದು ಇಬ್ಬರು. ಮುಂದೆ ಬಂದವಳು ಬಡಕಲು ಹುಡುಗಿ, ಎಣ್ಣೆ ಹಚ್ಚಿ ಬಿಗಿದು ಹೆಣೆದ ಜಡೆ. ಅವಳ ಲಂಗದ ಅಂಚು ಹಿಡಿದುಕೊಂಡು ಹಿಂದೆ ಬಂದವಳು ಅವಳಿಗಿಂತ ಒಂದು ಗೇಣು ಎತ್ತರ. ಹೊನ್ನೂರಮ್ಮ, ಪಕ್ಕದ ಮನೆಯವಳು, ನಾಲ್ಕನೆಯದರಲ್ಲಿ ಇದು ಮೂರನೆಯ ವರ್ಷ ಎಂದು ಉಜ್ಜಿನಪ್ಪ ಅವಳ ಎದುರಿಗೇ ಹೇಳಿದ. ಆ ಲಂಗ ಹಿಡಿದ ಕೈಯನ್ನು ಕೊಟ್ರಬಸಪ್ಪ ನೋಡುತ್ತಲೇ ಇದ್ದ.

"ಯಾಕಮ್ಮ, ಎಲ್ಲಾ ತಪ್ಪು ಬರದಿ?"

"ತಪ್ಪು ಬರದಿಲ್ರಿ ಸಾರ್. ಒಂದು ಕಡಿಮಿ ಬರದೀನಿ."

ಅವನು ಅಚ್ಚು ಹಾಳೆಯನ್ನು ಪಕ್ಕದಲ್ಲಿಟ್ಟು ತಾಳೆ ನೋಡಿದ. ಐವತ್ತಾರಕ್ಕೆ ಐವತ್ತೈದು, ನಲವತ್ತೆರಡಕ್ಕೆ ನಲವತ್ತೊಂದು, ಮೂವತ್ತಾರಕ್ಕೆ ಮೂವತ್ತೈದು. ಹತ್ತೂ ಹಾಗೆಯೇ. ಚೀಲದಲ್ಲಿದ್ದ ಜುಲೈಯ ಪತ್ರಿಕೆ ತೆಗೆದ. ಅಲ್ಲಿಯೂ ಹಾಗೆಯೇ. ಎಂಟು ತಿಂಗಳಿಂದ ಅವನ ಮೇಜಿನ ಖಾನೆಯಲ್ಲಿದ್ದ ಹಾಳೆ. ಸೊನ್ನೆ ಎಂದು ಕೆಂಪು ಶಾಯಿಯಲ್ಲಿ ಹಾಕಿದ್ದು ಅವನೇ. ಸೊನ್ನೆ ಹಾಕುವುದಕ್ಕೆ ಓದಬೇಕಾಗಿಲ್ಲವಲ್ಲ.

"ಮೇಷ್ಟ್ರು ಜುಲೈದಾಗ ತಪ್ಪು ಬರಿ ಅಂದ್ರು. ಬಾಳ ಸುಳ್ಳು ಬರದ್ರ ಪಾಪ ಬರತೈತಿ ಅಂತ ಒಂದs ಕಡಿಮಿ ಮಾಡಿದೆ," ಎಂದಳು ಹುಡುಗಿ.

"ಈ ಸಲ ಸರಿ ಬರಿ ಅಂದಿದ್ರಲ್ಲ?"

"ಹೂಂರಿ."

"ಮತ್ತ?"

ಅವಳು ಹಿಂದೆ ತಿರುಗಿ ನೋಡಿದಳು. "ಹೊನ್ನೂರಿ ಪಾಸಾಗಂಗಿಲ್ಲಂತ್ರಿ. ಆಕಿ ಇಲ್ಲೇ ಉಳದ್ರ ನಾನೂ ಇಲ್ಲೇ ಇರ್ತೀನಿ."

ಉಜ್ಜಿನಪ್ಪ ಅದನ್ನು ಬಿಡಿಸಿ ಹೇಳಿದ. ಐದನೆಯದಕ್ಕೆ ಕರೂರಿಗೆ ಹೋಗಬೇಕು. ಏರಿಯ ಮೇಲೆ ಮೂರು ಮೈಲಿ ಒಂಟಿ ಹುಡುಗಿಯನ್ನು ಆ ಊರಿನಲ್ಲಿ ಯಾರೂ ಕಳಿಸುವುದಿಲ್ಲ, ಜೋಡಿ ಇರಬೇಕು. ನಾಲ್ಕನೆಯದರಲ್ಲಿ ಇರುವ ಹೆಣ್ಣುಮಕ್ಕಳು ಇವರಿಬ್ಬರೇ. ಹೊನ್ನೂರಮ್ಮ ಈ ಸಲವೂ ನಪಾಸಾದರೆ ಅವಳವ್ವ ಶಾಲೆ ಬಿಡಿಸಿ ಕಳೆ ಕೀಳಲು ಕರೆದೊಯ್ಯುತ್ತೇನೆ ಎಂದಿದ್ದಾಳೆ. ಅವಳು ಬಿಟ್ಟರೆ ಗಾದೆಮ್ಮ ಪಾಸಾಗಿಯೂ ಮನೆಯಲ್ಲೇ. "ಹಿಂಗಾಗಿ ಒಬ್ಬಾಕಿ ದಡ್ಡಿ ಅಂತ ಬಿಡ್ತಾಳ, ಒಬ್ಬಾಕಿ ಶಾಣ್ಯಾಕಿ ಆದ್ರೂ ಬಿಡ್ತಾಳ ಸಾರ್," ಎಂದು ಉಜ್ಜಿನಪ್ಪ ನಕ್ಕ. ನಗಬಾರದಿತ್ತೆಂದು ತಿಳಿದು ಕೆಮ್ಮಿದ.

"ಈಗ ಹೊನ್ನೂರಿಗೂ ಬರತೈತ್ರಿ," ಎಂದಳು ಗಾದೆಮ್ಮ. ಮಾತು ಈಗ ಓಡತೊಡಗಿತು. "ತಪ್ಪು ಹೆಂಗ ಬರೀಬೇಕು ಅಂತ ಆವಾಗ ಈಕಿನ್ನ ಕೇಳಿದ್ನಿರಿ. ಈಕಿ ಏಳ ಎಂಟ್ಲೆ ಅಂದ್ರ ಏಳರ ಮುಂದ ಎಂಟು ಇಟ್ಟು ಎಪ್ಪತ್ತೆಂಟು ಅಂತಿದ್ಲು. ಹಂಗಲ್ಲಲೇ, ಹಿಂಗ ಅಂತ ಏರಿ ಮ್ಯಾಲ ಹಳ್ಳು ಇಟ್ಟು ಹೇಳಿಕೊಟ್ಟೆ. ದಿನಾ ಹೇಳ್ತೀನಿ. ಸಾಲಿ ಬಿಟ್ಟ ಮ್ಯಾಲೆ ನನ್ನ ಸಲುವಾಗಿ ಬೇವಿನ ಮರದ ಕೆಳಗ ಕಾಯ್ತಾಳ್ರಿ ಆಕಿ. ನೀವs ನೋಡ್ರಿ ಬೇಕಾದ್ರ."

ಕೊಟ್ರಬಸಪ್ಪ ನೋಡಿದ. ನೋಡಲೇಬೇಕೆಂದೇನೂ ಇರಲಿಲ್ಲ, ಪಟ್ಟಿಯಲ್ಲಿಲ್ಲದ ಮಗುವನ್ನು ನೋಡುವುದಕ್ಕೆ ಅವನಿಗೆ ಅಧಿಕಾರವೂ ಇರಲಿಲ್ಲ. ಹೊನ್ನೂರಮ್ಮ ನೆಲದ ಮೇಲೆ ಕೂತು, ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಲಂಗದ ಮಡಿಲಿನಿಂದ ಸಣ್ಣ ಹಳ್ಳುಗಲ್ಲು ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟಳು. ಎಂಟೆಂಟರ ಸಾಲು. ಒಂದು ಲೆಕ್ಕಕ್ಕೆ ನಾಲ್ಕು ನಿಮಿಷ, ಐದು ನಿಮಿಷ. ಉಜ್ಜಿನಪ್ಪ ಎರಡು ಸಲ ಗಡಿಯಾರ ನೋಡಿದ. "ಬಳ್ಳಾರಿ ಸೀದಾ ಬಸ್ಸು ತಪ್ಪತೈತ್ರಿ ಸಾರ್." ಕೊಟ್ರಬಸಪ್ಪನಿಗೆ ಏಳಲು ಆಗಲಿಲ್ಲ. ಆ ಹುಡುಗಿ ಯಾರ ಎದುರಿಗೂ ನಾಚದೆ ಹಳ್ಳುಗಳ ಮೇಲೆ ಬೆರಳಿಟ್ಟು ಎಣಿಸುತ್ತಿದ್ದಳು. ಅವನ ಕಿಸೆಯೊಳಗಿನ ಕೈ ತನ್ನಷ್ಟಕ್ಕೆ ಅವಳ ಜೊತೆಯಲ್ಲಿ ಎಣಿಸುತ್ತಿತ್ತು. ಅವನಿಗೆ ಹೊಟ್ಟೆಕಿಚ್ಚಾಯಿತು, ಅದು ಹೊಟ್ಟೆಕಿಚ್ಚೇ ಎಂದು ತಿಳಿದು ನಾಚಿಕೆಯೂ ಆಯಿತು. ಮುಕ್ಕಾಲು ತಾಸಿನ ಮೇಲೆ ಅವಳು ಹಾಳೆ ಕೊಟ್ಟಳು. ಆರು ಸರಿ. ಜುಲೈಯಲ್ಲಿ ಅವಳಿಗೆ ಪರೀಕ್ಷೆಯೇ ಇರಲಿಲ್ಲ. ಹಿಂದಿನ ಎರಡು ವಾರ್ಷಿಕ ಪರೀಕ್ಷೆಯಲ್ಲೂ ಲೆಕ್ಕದಲ್ಲಿ ಸೊನ್ನೆ. ಆರು ಶಾಲೆಗಳ ಅರವತ್ತು ಮಕ್ಕಳಲ್ಲಿ ನಿಜವಾಗಿ ಪ್ರಗತಿಯಾದದ್ದು ಪಟ್ಟಿಯಲ್ಲಿಲ್ಲದ ಅರವತ್ತೊಂದನೆಯ ಹುಡುಗಿಗೆ. ಅವಳಿಗೆ ಕಲಿಸಿದ್ದು ದಡ್ಡಿಯಾಗಿರಲು ಇಲಾಖೆಯಿಂದ ನೇಮಕವಾದ ಇನ್ನೊಬ್ಬಳು. ಇದನ್ನು ಬರೆಯುವುದಕ್ಕೆ ನಮೂನೆಯಲ್ಲಿ ಜಾಗವಿರಲಿಲ್ಲ.

"ಗಾದೆಮ್ಮ ಇನ್ನೊಂದ್ಸಲ ಬರೀಲಿ ಸಾರ್," ಎಂದ ಉಜ್ಜಿನಪ್ಪ, ಹೊಸ ಹಾಳೆಯನ್ನೂ ತಂದಿಟ್ಟಿದ್ದ. "ಹತ್ತಕ್ಕ ಹತ್ತೂ ಹುಡುಗ್ರು ಮುಂದ ಬಂದಂಗ ಆಕ್ಕೈತಿ."

"ನಾ ಸರಿ ಬರದ್ರ ಹೊನ್ನೂರಿನ್ನ ಪಾಸ್ ಮಾಡ್ತೀರೇನ್ರಿ ಸಾರ್?" ಎಂದು ಗಾದೆಮ್ಮ ಕೇಳಿದಳು. ಕೇಳಿದ್ದು ಉಜ್ಜಿನಪ್ಪನನ್ನಲ್ಲ.

"ನೋಡೋಣ," ಎಂದ ಕೊಟ್ರಬಸಪ್ಪ. "ಮೊದ್ಲು ನೀ ಬರಿ."

ನೋಡೋಣ ಎಂಬುದು ಇಲಾಖೆಯ ಮಾತು. ಬಡ್ತಿಯ ವಿಷಯಕ್ಕೆ ಹೋದಾಗಲೆಲ್ಲ ಅವನಿಗೆ ಸಿಕ್ಕಿದ್ದೂ ಅದೇ, ಅದರ ಅರ್ಥ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹುಡುಗಿಗೆ ಗೊತ್ತಿರಲಿಲ್ಲ. ಅವಳು ಅದನ್ನು ಹೂಂ ಎಂದೇ ತಿಳಿದು, ಗೋಡೆಗೆ ಹಾಳೆ ಒತ್ತಿಟ್ಟು, ನಿಂತಲ್ಲೇ ಐದು ನಿಮಿಷದಲ್ಲಿ ಹತ್ತೂ ಸರಿ ಬರೆದು ಕೊಟ್ಟಳು. ಕೊಡುವಾಗ ಗೆಳತಿಯ ಕಡೆ ನೋಡಿ ನಕ್ಕಳು. ಕೊಟ್ರಬಸಪ್ಪ ಹಾಳೆಗಳನ್ನು ಚೀಲಕ್ಕೆ ತುರುಕಿದ. ಹೊನ್ನೂರಮ್ಮನ ಹಾಳೆಯನ್ನು ಉಜ್ಜಿನಪ್ಪ ಮಿರ್ಚಿಯ ಎಣ್ಣೆ ಒರೆಸಲು ಎತ್ತಿಕೊಳ್ಳುವುದನ್ನು ಕಂಡು ಅದನ್ನೂ ಕಸಿದು ಚೀಲಕ್ಕೆ ಹಾಕಿದ. ಯಾಕೆಂದು ಅವನಿಗೇ ತಿಳಿಯಲಿಲ್ಲ.

ಸೀದಾ ಬಸ್ಸು ಹೋಗಿಬಿಟ್ಟಿತ್ತು. ಸಿರುಗುಪ್ಪದಲ್ಲಿ ಸಿಕ್ಕಿದ್ದು ಕುರುಗೋಡಿನ ಮೇಲಿಂದ ಸುತ್ತಿ ಹೋಗುವುದು. ಕಿಟಕಿಯ ಪಕ್ಕ ಕೂತು ಅವನು ನಮೂನೆಯನ್ನು ತೊಡೆಯ ಮೇಲೆ ಹರಡಿದ. ಹತ್ತು ಸಾಲು ತುಂಬಿದ್ದವು. ಹನ್ನೊಂದನೆಯ ಹೆಸರು ಸೇರಿಸಬೇಕಾದರೆ ಜುಲೈಯ ಪಟ್ಟಿಯಲ್ಲಿ ಯಾಕಿರಲಿಲ್ಲವೆಂದು ಬರೆಯಬೇಕು, ಬರೆದರೆ ಅಧಿಕಾರಿಗಳು ಒಂದು ಪ್ರಶ್ನೆ ಕೇಳುತ್ತಾರೆ, ಒಂದು ಪ್ರಶ್ನೆಗೆ ಹತ್ತು ಸೊನ್ನೆಗಳೂ ಬಾಯಿ ಬಿಡುತ್ತವೆ, ಆಮೇಲೆ ಉಳಿದ ಐದು ಶಾಲೆ. ಎಲ್ಲದರ ಕೆಳಗೂ ತನ್ನ ರುಜು. ಒಂದು ಹುಡುಗಿ ಕಳೆ ಕಿತ್ತರೇನಾಯಿತು, ಆ ಸೀಮೆಯಲ್ಲಿ ಎಷ್ಟು ಮಂದಿ ಕೀಳುವುದಿಲ್ಲ? ಹೀಗೆಂದುಕೊಂಡು ಸಮಾಧಾನ ಮಾಡಿಕೊಳ್ಳುವ ಹೊತ್ತಿಗೆ ಕಿವಿಯ ಹತ್ತಿರ ಮತ್ತೆ ಐವತ್ತೈದು ಎಂದಿತು. ಈ ಸಲ ಧ್ವನಿಯೂ ತಿಳಿಯಿತು. ಸಿರುಗುಪ್ಪದ ಶಾಲೆಯ ಹಂಚಿನ ಮಾಡು, ಮದ್ರಾಸಿನ ಸರ್ಕಾರದ ಕಾಲ, ಗೋಡೆಯುದ್ದಕ್ಕೂ ಸಾಲಾಗಿ ನಿಂತ ನಾಲ್ಕನೆಯ ಇಯತ್ತೆ. ಅವನ ಬಲಕ್ಕೆ ಅಕ್ಕ. ಪಾಠ ಹೇಳುವ ಅಯ್ಯನವರು ಆ ಕಡೆಯಿಂದ ಬರುತ್ತಾರೆ. ಏಳ ಎಂಟ್ಲೆ? ಅಕ್ಕ ಐವತ್ತೈದು ಎನ್ನುತ್ತಾಳೆ. ಅವಳ ಅಂಗೈ ಮೇಲೆ ಬೆತ್ತ. ನೀ ಹೇಳಲೇ ಕೊಟ್ರ. ಐವತ್ತಾರು. ಶಭಾಶ್. ಆರ ಒಂಬತ್ಲೆ? ಅಕ್ಕ ಐವತ್ತಮೂರು, ಬೆತ್ತ. ತಾನು ಐವತ್ತನಾಲ್ಕು, ಶಭಾಶ್. ದಿನವೂ ಹಾಗೆಯೇ, ಒಂದು ಇಡೀ ವರ್ಷ. ತನಗೆ ಮಗ್ಗಿ ಬರುತ್ತದೆ ಎಂದೇ ಅವನು ತಿಳಿದಿದ್ದ. ಬರುತ್ತಿದ್ದದ್ದು ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುವುದು ಮಾತ್ರ.

ಬಸ್ಸು ಕುಲುಕಿತು. ಅವನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡ. ಅಕ್ಕನಿಗೆ ಒಂದು ವಾರ ಜ್ವರ ಬಂದಿತ್ತಲ್ಲ. ಆ ವಾರ ಸಾಲಿನಲ್ಲಿ ಅವನು ಮೊದಲನೆಯವನಾಗಿ ನಿಂತು ಕೇಳಿದ್ದಕ್ಕೆಲ್ಲ ತಪ್ಪು ಹೇಳಿದ್ದ. ಅಕ್ಕನ ಜ್ವರ ತಮ್ಮನ ತಲೆಗೆ ಏರಿದೆ ಎಂದು ಅಯ್ಯನವರು ಇಡೀ ತರಗತಿಯನ್ನು ನಗಿಸಿದ್ದರು. ಅದಕ್ಕೂ ಹಿಂದಿನ ವರ್ಷ, ತಾನಿನ್ನೂ ಮೂರನೆಯದರಲ್ಲಿದ್ದಾಗ, ಅಕ್ಕ ಪಾಸಾಗಿ ದೊಡ್ಡ ಶಾಲೆಗೆ ಹೋಗಿಬಿಡುತ್ತಾಳೆಂದು ತಾನು ಉಣ್ಣದೆ ಅತ್ತಿದ್ದು, ದಾರಿಯುದ್ದಕ್ಕೂ ಅವಳ ಲಂಗದ ಅಂಚು ಹಿಡಿದೇ ನಡೆಯುತ್ತಿದ್ದದ್ದು, ಆ ವರ್ಷ ಅಕ್ಕ ನಪಾಸಾದ ಸಂತೋಷಕ್ಕೆ ತಾನು ಬೆಲ್ಲ ಕದ್ದು ತಿಂದದ್ದು, ಎಲ್ಲ ನೆನಪಾಯಿತು. ಎರಡನೆಯ ಸಲ ನಪಾಸಾದ ಮೇಲೆ ಅಪ್ಪ, ಹೆಣ್ಣು ಹುಡುಗಿ, ತಲೆಯೂ ಇಲ್ಲ ಎಂದು ಶಾಲೆ ಬಿಡಿಸಿದ. ತಾನು ಐದಕ್ಕೆ ಹೋದ. ಹಿಂದೆ ಬಿದ್ದ ಮಗುವಿಗಾಗಿ ಮುಂದಿದ್ದ ಮಗು ನಿಂತುಕೊಂಡಿತು. ಹಿಂದೆ ಬಿದ್ದದ್ದು ಇನ್‌ಸ್ಪೆಕ್ಟರ್ ಆಗಿ, ಊರೂರು ತಿರುಗಿ, ನಿಂತುಕೊಂಡ ಮಗುವಿನ ದಡ್ಡತನದ ಮೇಲೆ ಭಾಷಣ ಮಾಡುತ್ತ ಬಂದಿತು. ಇರಲಾರದು, ಎಂಟೋ ಹತ್ತೋ ವರ್ಷದ ಹುಡುಗಿಗೆ ಅಷ್ಟೆಲ್ಲ ಎಲ್ಲಿ ಹೊಳೆಯುತ್ತದೆ ಎಂದು ಕೊಟ್ರಬಸಪ್ಪ ತನಗೆ ತಾನೇ ಹೇಳಿಕೊಂಡ. ಗಾದೆಮ್ಮನಿಗೆ ಈಗ ಎಷ್ಟು ವರ್ಷವಿರಬಹುದೆಂದು ಯೋಚಿಸಿ, ನಮೂನೆಯನ್ನು ಮಡಿಸಿ ಚೀಲಕ್ಕೆ ಹಾಕಿದ.

ಕುರುಗೋಡಿನಲ್ಲಿ ಡ್ರೈವರು ಚಹಾಕ್ಕೆ ಇಳಿದ. ಅರ್ಧ ತಾಸು ಎಂದ ಕಂಡಕ್ಟರು. ಅಕ್ಕನ ಮನೆ ಬಸ್ಸು ನಿಲ್ಲುವಲ್ಲಿಂದ ನಾಲ್ಕು ಹೆಜ್ಜೆ, ಬೆಟ್ಟದ ನೆರಳು ಬೀಳುವ ಓಣಿಯಲ್ಲಿ. ಅವಳು ಕಟ್ಟೆಯ ಮೇಲೆ ಮೊರವಿಟ್ಟುಕೊಂಡು ತೊಗರಿಬೇಳೆ ಹಸನು ಮಾಡುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಬಾರಪ್ಪ ಶಾಣ್ಯಾ. ಏನು, ಹಾದಿ ತಪ್ಪಿ ಬಂದೇನು?" ಎಂದು ಏಳಹೋದಳು.

"ಏಳಬ್ಯಾಡಕ್ಕಾ, ಕುಂದ್ರು," ಎಂದು ಅವನೇ ಕಟ್ಟೆಯ ಮೇಲೆ ಕೂತ. ನೀರು ಕೇಳಲಿಲ್ಲ, ಯೋಗಕ್ಷೇಮ ಕೇಳಲಿಲ್ಲ. ಕೇಳಿದ್ದು ಬೇರೆ. "ಅಕ್ಕಾ, ಏಳ ಎಂಟ್ಲೆ ಎಷ್ಟು?"

ಅವಳ ಕೈ ಮೊರದಲ್ಲಿ ಆಡುತ್ತಲೇ ಇತ್ತು. "ಐವತ್ತೈದು."

"ಐವತ್ತಾರು," ಎಂದಿತು ಅವನ ಬಾಯಿ, ಅವನನ್ನು ಕೇಳದೆ.

"ನೀ ಶಾಣ್ಯಾ ಬಿಡಪ್ಪ," ಎಂದು ಅಕ್ಕ ಬೇಳೆಯೊಳಗಿನ ಒಂದು ಹಳ್ಳು ತೆಗೆದು ಓಣಿಗೆ ಎಸೆದಳು. ಮುಖ ಎತ್ತಲಿಲ್ಲ. ತುಟಿಯ ತುದಿಯಲ್ಲಿ ನಗು ಇತ್ತೋ ಇಲ್ಲವೋ ಹೇಳುವುದು ಕಷ್ಟ.

ಕೊಟ್ರಬಸಪ್ಪ ಚೀಲದಿಂದ ನಮೂನೆ ತೆಗೆದು, ತೊಡೆಯ ಮೇಲಿಟ್ಟು, ಹತ್ತನೆಯ ಸಾಲಿನ ಕೆಳಗೆ ಕೈಯಿಂದಲೇ ಒಂದು ಗೆರೆ ಎಳೆದ. ಗೆರೆ ಸೊಟ್ಟಗಾಯಿತು. ಹನ್ನೊಂದು, ಹೊನ್ನೂರಮ್ಮ. ಹಿಂದಿನ ವಾರ್ಷಿಕ ಪರೀಕ್ಷೆಯಲ್ಲಿ ಸೊನ್ನೆ, ಈಗ ಆರು.

"ಏನು ಬರಿಯಾಕತ್ತಿ?" ಎಂದಳು ಅಕ್ಕ.

"ಒಂದು ಹುಡಿಗಿ ಹೆಸರು ಬಿಟ್ಟಿತ್ತು."

"ಯಾರು ಬಿಟ್ಟಿದ್ರು?"

"ನಾನs," ಎಂದ. ಷರಾದ ಅಂಕಣದಲ್ಲಿ ಬರೆದ: 'ಮೇಲಿನ ಹತ್ತು ಮಕ್ಕಳು ಹಿಂದುಳಿದವರಲ್ಲ. ಪಟ್ಟಿಯಲ್ಲಿ ಇರಬೇಕಾಗಿದ್ದ ಹೆಸರು ಇದು. ಈ ಮಗುವನ್ನು ಐದನೆಯ ತರಗತಿಗೆ ಹಾಕತಕ್ಕದ್ದು. ತಪ್ಪು ನನ್ನದು.' ಓದಿ ನೋಡಿದ. ಇಷ್ಟು ಚಿಕ್ಕ ವಾಕ್ಯಗಳನ್ನು ಇಲಾಖೆಯಲ್ಲಿ ಅವನು ಹಿಂದೆಂದೂ ಬರೆದಿರಲಿಲ್ಲ. ಈ ವರ್ಷದ ಗುಪ್ತ ವರದಿಯಲ್ಲಿ ಸಾಧಾರಣಕ್ಕಿಂತ ಒಂದು ಕಡಿಮೆ ಏನಿರುತ್ತದೋ ಅದು ಬರುತ್ತದೆ. ಬರಲಿ ಎಂದು ಅನ್ನಿಸಲಿಲ್ಲ, ಭಯವೇ ಆಯಿತು. ಭಯದಲ್ಲೇ ರುಜು ಹಾಕಿದ. ಇನ್ನು ಉಳಿದದ್ದು ಕೆಳಗಿನ ಒಟ್ಟು. ತಪ್ಪು ಪಟ್ಟಿಗೂ ಒಟ್ಟು ಬೇಕೆಂದು ನಮೂನೆ ಕೇಳುತ್ತಿತ್ತು. ರಂಗಣ್ಣ ಬಳ್ಳಾರಿಯಲ್ಲಿದ್ದ. ಅಭ್ಯಾಸದಂತೆ ಎಡಗೈ ಕಿಸೆಗೆ ಹೋಯಿತು, ಹರಿದ ಅಸ್ತರಿನಲ್ಲಿ ಬೆರಳೆಲ್ಲ ಇಳಿದು ಹೋದವು. ಅವನು ಕೈಯನ್ನು ಹೊರಗೆ ತೆಗೆದ.

"ಅಕ್ಕಾ," ಎಂದ. "ನನಗ ಬರಂಗಿಲ್ಲ. ನೀ ಕೂಡಿಸಿ ಹೇಳು."

ಮೊರದಲ್ಲಿ ಆಡುತ್ತಿದ್ದ ಕೈ ನಿಂತಿತು. ಅಕ್ಕ ಮೊದಲ ಸಲ ಅವನ ಮುಖವನ್ನು ನೋಡಿದಳು. ನಲವತ್ತೆಂಟು ವರ್ಷದಲ್ಲಿ ಅವನ ಬಾಯಿಂದ ಆ ಮಾತು ಬಂದದ್ದಿಲ್ಲ. "ಹೇಳು," ಎಂದಳು.

ಅವನು ಓದಿದ. ಹತ್ತು, ಹತ್ತು, ಒಂಬತ್ತು, ಹತ್ತು, ಒಂಬತ್ತು, ಹತ್ತು, ಹತ್ತು, ಒಂಬತ್ತು, ಹತ್ತು, ಹತ್ತು, ಆರು. ಕೊನೆಯ ಆರು ಅವನ ಬಾಯಿಂದ ಪೂರ್ತಿ ಹೊರಬೀಳುವ ಮೊದಲೇ ಅಕ್ಕ ಮತ್ತೆ ಮೊರದ ಕಡೆ ಬಗ್ಗಿದ್ದಳು.

"ನೂರಾ ಮೂರು."

ಬಸ್ಸಿನ ಹಾರ್ನ್ ಕೂಗಿತು. ಕೊಟ್ರಬಸಪ್ಪ ಏಳಲಿಲ್ಲ. ನೂರಾ ನಾಲ್ಕೇ ಇರಬೇಕು, ಒಂದು ಸೇರಿಸಬೇಕು ಎಂದು ಬಾಯಿ ಮತ್ತೆ ಮುಂದಾಯಿತು. ಅದನ್ನು ತಡೆದುಕೊಂಡು, ಎರಡೂ ಕೈ ಮುಂದೆ ಚಾಚಿ, ಅಕ್ಕನ ಎದುರಿಗೇ ಬೆರಳು ಮಡಿಸಿ ಮೊದಲಿನಿಂದ ಎಣಿಸಿದ. ಎರಡನೆಯ ಸಲ ಎಣಿಸಿದ. ಮೂರನೆಯ ಸಲವೂ ನೂರಾ ಮೂರೇ ಬಂತು.